ಮಡಿ ಮಾಡುವವರ ಸ್ಥಾನಮಾನ

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವು ತುಂಗಭದ್ರೆಯ ದಂಡೆಯ ಮೇಲಿರುವ ಊರು. ಎದುರು ದಂಡೆಯಲ್ಲಿ ಹರಿಹರವಿದೆ. ಇದೇ ತಾಲ್ಲೂಕಿನಲ್ಲಿ, ಇದೇ ಹೊಳೆಯ ತಡಿಯಲ್ಲಿರುವ ಚೌಡದಾನಪುರವು ಅಂಬಿಗರ ಚೌಡಯ್ಯನವರ ಸ್ಥಳವೆಂದು ಪ್ರಸಿದ್ಧವಾಗಿದೆ. ಹೊಳೆಯನ್ನು ಆಶ್ರಯಿಸಿ ಬಾಳಿದ ಕಾಯಕಗಳಲ್ಲಿ ಎರಡು ಶರಣಸಾಹಿತ್ಯದಲ್ಲಿ ಚಿರಸ್ಥಾನವನ್ನು ಪಡೆದಿವೆ. ಜನರನ್ನು ದಾಟಿಸುವ ಕಾಯಕಕ್ಕೆ ಚೌಡಯ್ಯನವರು, ಬಟ್ಟೆ ಒಗೆಯುವ ಕಾಯಕಕ್ಕೆ ಮಡಿವಾಳ ಮಾಚಿದೇವರು. ಈ ಎರಡನೆಯ ಕಾಯಕದ ಚರಿತ್ರೆಯಲ್ಲಿ ಒಂದು ವೈರುದ್ಧ್ಯವುಂಟು. ಊರಿಗೆಲ್ಲ ಮಡಿಯನ್ನು ಒದಗಿಸಿದವನನ್ನು ಊರು ಮಡಿಯುಳ್ಳವನೆಂದು ಎಣಿಸಲಿಲ್ಲ. ಕನ್ನಡ ನಾಡಿನಲ್ಲಿಯೂ ನೆರೆಯ ತಮಿಳು ನಾಡಿನಲ್ಲಿಯೂ ಇದು ಯಾವ ರೂಪಗಳನ್ನು ತಾಳಿತೆಂಬುದು ವಿಚಾರಾರ್ಹವಾಗಿದೆ.

ಹಳಗನ್ನಡದ ‘ಅಸಗ’ ಎಂಬ ಶಬ್ದವೇ ಅಕ್ಷರಪಲ್ಲಟದಿಂದ ‘ಅಗಸ’ ಎಂದಾಯಿತು. ‘ಮಡಿವಾಳ’ ಎಂಬ ಹೆಸರಿನಲ್ಲಿ ಮಡಿ ಎಂಬುದು ಒಗೆದ ಬಟ್ಟೆಯೂ ಹೌದು, ಶುಚಿತ್ವವೂ ಹೌದು. ಸವುಳು ಮಣ್ಣಿನಲ್ಲಿ ಬಟ್ಟೆಯನ್ನು ನೆನೆಸಿ, ಉಬ್ಬೆಯಲ್ಲಿ ಬೇಯಿಸಿ, ಬಂಡೆಗೆ ಬಡಿದು, ದಂಡೆಯ ಮೇಲೆ ಹರವಿ ಒಣಗಿಸುವುದು ನಿತ್ಯದ ದುಡಿಮೆ. ಮಡಿವಾಳನು ಊರಿನ ಆಯಗಾರರಲ್ಲಿ ಒಬ್ಬನಾಗಿದ್ದು ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯವನ್ನು ಪಡೆಯುತ್ತಿದ್ದನು. ಮದುವೆ ಉತ್ಸವಗಳಲ್ಲಿ ನಡೆಮಡಿ ಹಾಸುವುದು, ಪಂಜು ಹಿಡಿಯುವುದು ಅವನ ಹಕ್ಕಾಗಿದ್ದವು. ಹೆರಿಗೆ, ಋತು, ಮರಣಗಳ ಮೈಲಿಗೆ ಬಟ್ಟೆಯನ್ನು ಒಗೆಯುವುದೂ ಅವನ ಪಾಲಿಗೇ ಬಂದಿತು. ಹೀಗೆ ಅವನಿಲ್ಲದೆ ಯಾವ ಶುಭವೂ ನಡೆಯದು, ಯಾವ ಸೂತಕವೂ ಕಳೆಯದು. ಆದರೆ ಅನ್ಯರ ಮೈಲಿಗೆಯನ್ನು ಮುಟ್ಟಿದ ಕಾರಣಕ್ಕೇ ಅವನನ್ನು ಕೀಳಾಗಿ ಕಂಡರು.

ತಮಿಳು ನಾಡಿನಲ್ಲಿ ಇದೇ ಕಸುಬಿನವರು ವಣ್ಣಾರ್ ಎನಿಸಿದ್ದಾರೆ. ಬಣ್ಣ, ಚೆಲುವು ಎಂಬ ಅರ್ಥದ ‘ವಣ್ಣಂ’ ಶಬ್ದದಿಂದ ಆ ಹೆಸರು ಬಂದಿತೆಂದು ಹೇಳುವುದುಂಟು. ಸೂತಕ ಕಳೆಯುವಾಗ ವಣ್ಣಾರನು ತಂದುಕೊಟ್ಟ ಒಗೆದ ಬಟ್ಟೆಯನ್ನು ಉಟ್ಟ ಹೊರತು ಶುದ್ಧಿಯಾಗದೆಂಬ ನಂಬಿಕೆ ಅಲ್ಲಿಯೂ ಇತ್ತು. ಅಲ್ಲಿ ಅಸ್ಪೃಶ್ಯರೆನಿಸಿದವರ ಬಟ್ಟೆ ಒಗೆಯುವವರದೇ ಬೇರೆ ಪಂಗಡ. ಅವರನ್ನು ಪುದಿರೈ ವಣ್ಣಾರ್ ಎನ್ನುತ್ತಾರೆ. ತಿರುನೆಲ್ವೇಲಿ ಸೀಮೆಯಲ್ಲಿ ಈ ಪಂಗಡದವರು ಹಗಲಿನಲ್ಲಿ ಹೊರಗೆ ಬರುವಂತಿರಲಿಲ್ಲ, ಅವರು ಕಣ್ಣಿಗೆ ಬಿದ್ದರೂ ಮೈಲಿಗೆಯೆಂದು ಜನ ಭಾವಿಸುತ್ತಿದ್ದರು, ಇರುಳಿನಲ್ಲಿಯೇ ಅವರು ದುಡಿಯಬೇಕಾಗಿತ್ತು ಎಂಬ ವರದಿಯು 1932ರ ಡಿಸೆಂಬರಿನಲ್ಲಿ ಮದರಾಸಿನ ‘ದಿ ಹಿಂದೂ’ ಪತ್ರಿಕೆಯಲ್ಲಿ ಬಂದಿತು. ಮುಟ್ಟಬಾರದವರ ಕೆಳಗೆ ನೋಡಬಾರದವರನ್ನೂ ನಿರ್ಮಿಸಿದ ವ್ಯವಸ್ಥೆಯಿದು.

ಇಂತಹ ಸಮಾಜದ ನಡುವೆಯೇ ಶೈವಪರಂಪರೆಯು ಒಗೆಯುವವನನ್ನು ಪೂಜ್ಯಸ್ಥಾನದಲ್ಲಿ ನಿಲ್ಲಿಸಿತೆಂಬುದು ಗಮನಾರ್ಹ. ಅರವತ್ತುಮೂವರು ಪುರಾತನರಲ್ಲಿ ಕಂಚಿಯ ತಿರುಕ್ಕುರಿಪ್ಪುತ್ತೊಂಡರು ಶಿವಭಕ್ತರ ಬಟ್ಟೆ ಒಗೆಯುವ ವ್ರತದವರು. ಇವರ ಚರಿತೆಯು 12ನೆಯ ಶತಮಾನದಲ್ಲಿ ಶೇಕ್ಕಿಳಾರರು ರಚಿಸಿದ ‘ಪೆರಿಯ ಪುರಾಣ’ದಲ್ಲಿದೆ. ಚಳಿಯಿಂದ ನಡುಗುವ ಬಡ ಮುದುಕನಾಗಿ ಶಿವನು ಬಂದು ತನ್ನ ಒಂದೇ ಬಟ್ಟೆಯನ್ನು ಸಂಜೆಯೊಳಗೆ ಒಣಗಿಸಿ ಕೊಡಬೇಕೆಂದು ಕೇಳುತ್ತಾನೆ. ಮಳೆ ಬಿಡದೆ ಸುರಿಯುತ್ತದೆ. ಕೊಟ್ಟ ಮಾತು ತಪ್ಪಿತೆಂದು ಭಕ್ತರು ಒಗೆಯುವ ಬಂಡೆಗೇ ತಲೆಯನ್ನು ಅಪ್ಪಳಿಸಹೊರಟಾಗ ಶಿವನ ಕೈ ತಡೆಯುತ್ತದೆ.

ಕಂಚಿಯ ಭಕ್ತರಲ್ಲಿ ಆತ್ಮಾರ್ಪಣೆಯ ಭಾವ ಪ್ರಧಾನವಾದರೆ ಕಲ್ಯಾಣದ ಮಾಚಿದೇವರಲ್ಲಿ ವೀರಭಾವ ಪ್ರಧಾನವಾಗಿದೆ. ದೇವರ ಹಿಪ್ಪರಗಿಯಲ್ಲಿ ಜನಿಸಿದ ಇವರ ವಚನಗಳ ಅಂಕಿತ ‘ಕಲಿದೇವರದೇವ’. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಇವರ ಕಥೆ ವಿಸ್ತಾರವಾಗಿ ಬಂದಿದೆ. ಶರಣರ ಬಟ್ಟೆಯನ್ನಲ್ಲದೆ ಭವಿಗಳ ಬಟ್ಟೆಯನ್ನು ಒಗೆಯೆನೆಂಬುದು ಅವರ ನೇಮ. ಮಡಿಯ ಗಂಟನ್ನು ಭವಿಗಳು ಮುಟ್ಟಬಾರದೆಂದು ಅವರು ಸಾರುತ್ತ ಹೋಗುತ್ತಿದ್ದರು. ಬಿಜ್ಜಳನು ಕಳುಹಿಸಿದ ಆನೆಯನ್ನೂ ಅವರು ಎದುರಿಸಿದರೆಂದು ಪುರಾಣ ಹೇಳುತ್ತದೆ. ಇಲ್ಲಿ ಮುಟ್ಟಬಾರದವನು ಒಗೆಯುವವನಲ್ಲ. ಆಚಾರವಿಲ್ಲದವನು, ಅರಸನೇ ಆದರೂ ಸರಿ. ಯಾರ ಬಟ್ಟೆಯನ್ನು ಒಗೆಯಬೇಕೆಂಬ ನಿರ್ಣಯವು ಊರಿನ ಕೈಯಿಂದ ಕಾಯಕದವನ ಕೈಗೆ ಬಂದಿತು. ದಾನದ ಹಿರಿಮೆಯ ಭಾವ ಬಸವಣ್ಣನವರ ಮನಸ್ಸಿನಲ್ಲಿ ಸುಳಿದಾಗ ಅದನ್ನು ತಿದ್ದಿದವರೂ ಮಾಚಿದೇವರೇ ಎಂಬ ಕಥೆಯು ಕಾಯಕದ ಹಿರಿಮೆಯನ್ನೇ ಸೂಚಿಸುತ್ತದೆ.

ಕಲ್ಯಾಣದ ವಿಪ್ಲವದ ನಂತರ ಶರಣರು ಉಳವಿಯತ್ತ ನಡೆದಾಗ ವಚನಗಳ ಕಟ್ಟುಗಳನ್ನು ಕಾಯ್ದು, ಬೆನ್ನಟ್ಟಿದ ಸೈನ್ಯದೊಡನೆ ಮಾಚಿದೇವರು ಹೋರಾಡಿದರೆಂಬುದು ಸಂಪ್ರದಾಯದ ನಂಬಿಕೆ. ಈ ನಂಬಿಕೆಯಂತೆ, ವಚನವನ್ನು ಓದುವ ಪ್ರತಿಯೊಬ್ಬರೂ ಒಬ್ಬ ಮಡಿವಾಳರಿಗೆ ಋಣಿಗಳು.

ಆದರೂ ಜಾತಿಯ ಲೆಕ್ಕ ಮುಗಿಯಲಿಲ್ಲ. ಕರ್ನಾಟಕದಲ್ಲಿ ಮಡಿವಾಳರು ಹಿಂದುಳಿದ ವರ್ಗಗಳ 2ಎ ಪ್ರವರ್ಗದಲ್ಲಿದ್ದಾರೆ. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಇದೇ ಕಸುಬಿನ ಧೋಬಿಗಳು ಪರಿಶಿಷ್ಟ ಜಾತಿಯಲ್ಲಿದ್ದಾರೆ. ಆ ಮಾನ್ಯತೆ ತಮಗೂ ಬೇಕೆಂದು ಇಲ್ಲಿಯವರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ತಮಿಳುನಾಡಿನಲ್ಲಿ ಪುದಿರೈ ವಣ್ಣಾರರು ರಾಜ್ಯದಾದ್ಯಂತ ಪರಿಶಿಷ್ಟರು. ಉಳಿದ ವಣ್ಣಾರರು 1956ರವರೆಗೆ ತಿರುವಾಂಕೂರು-ಕೊಚ್ಚಿ ರಾಜ್ಯಕ್ಕೆ ಸೇರಿದ್ದ ಕನ್ಯಾಕುಮಾರಿ ಮತ್ತು ಸೆಂಗೋಟ್ಟೈ ಭಾಗಗಳಲ್ಲಿ ಮಾತ್ರ ಪರಿಶಿಷ್ಟರು. ಗಡಿಯ ಗೆರೆಯೊಂದು ಒಂದೇ ಕುಲದವರ ಸ್ಥಾನವನ್ನು ಬೇರೆಬೇರೆ ಮಾಡಿದೆ.

ಕಸುಬಿನ ಗತಿಯೂ ಬದಲಾಯಿತು. ಕುಮಾರಪಟ್ಟಣದಲ್ಲಿಯೇ 1972ರಿಂದ ಮರದ ತಿರುಳನ್ನು ಕೃತಕ ನೂಲಿಗಾಗಿ ಸಿದ್ಧಪಡಿಸುವ ಕಾರ್ಖಾನೆ ನಡೆಯಿತು. 1980ರ ದಶಕದಲ್ಲಿ ಹೊಳೆಯ ನೀರು ಕೆಟ್ಟಿತೆಂದು ದಡದ ಹಳ್ಳಿಗಳ ಜನ ಪ್ರತಿಭಟಿಸಿದರು. ಬಟ್ಟೆಯ ಜಾತಿ ಬದಲಾಯಿತು, ಒಗೆಯುವ ಯಂತ್ರ ಮನೆಗೆ ಬಂದಿತು, ಆಯದ ಕಾಳು ನಿಂತಿತು.

ಈಗ ಫೆಬ್ರುವರಿ 1ರಂದು ಮಾಚಿದೇವರ ಜಯಂತಿಯನ್ನು ಸರ್ಕಾರವೇ ಆಚರಿಸುತ್ತದೆ. ಅಂದು ಭಾವಚಿತ್ರಕ್ಕೆ ಹಾರ ಹಾಕಿದ ಕೈ ಮರುದಿನ ಬಟ್ಟೆಯ ಗಂಟು ಹೊತ್ತು ಬಂದವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ ಆ ಪೂಜೆ ಸಲ್ಲುವುದಿಲ್ಲ. ಮಡಿಯನ್ನು ಬಟ್ಟೆಯಿಂದ ನಡತೆಗೆ ಎತ್ತಿದವರು ಶರಣರು. ಅವರ ಹೆಸರು ಹೇಳುವವರು ಆ ನಡತೆಯನ್ನು ತಮ್ಮ ಮನೆಯ ಹೊಸ್ತಿಲಿನಲ್ಲಿಯೇ ತೋರಬೇಕಾಗಿದೆ.