ತೋಟಿಯ ಹೊಲ

ದೇವನಹಳ್ಳಿ, ಹೊಸಕೋಟೆ ಸೀಮೆಯ ಹಳೆಯ ಪಹಣಿಗಳನ್ನು ಓದುವ ಅಭ್ಯಾಸ ನನಗೆ ಸ್ವಲ್ಪ ಉಂಟು. ಇದೂ ಒಂದು ಓದೇ ಎಂದು ವಾಚಕರು ನಕ್ಕರೆ ನಾನು ಬೇಸರಪಡುವುದಿಲ್ಲ. ಶಾಸನದ ಕಲ್ಲು ರಾಜನ ಮಾತನ್ನು ಹೇಳುತ್ತದೆ. ಪಹಣಿಯಾದರೋ ಊರಿನ ಮಾತನ್ನು ಹೇಳುತ್ತದೆ. ಅದರ ಒಂದು ಮೂಲೆಯಲ್ಲಿ 'ತೋಟಿ ಇನಾಂ', 'ನೀರುಗಂಟಿ ಇನಾಂ' ಎಂಬ ಮಾತು ಸಿಕ್ಕರೆ ಸಾಕು, ಒಂದು ಇಡೀ ವ್ಯವಸ್ಥೆ ಕಣ್ಣೆದುರು ನಿಲ್ಲುತ್ತದೆ.

ಹಳೆಯ ಮೈಸೂರು ಸೀಮೆಯ ಹಳ್ಳಿಗೆ ಆಯಗಾರರು ಹನ್ನೆರಡು ಮಂದಿ ಎಂಬುದು ರೂಢಿಯ ಲೆಕ್ಕ. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ಕುಂಬಾರ, ತಳವಾರ, ತೋಟಿ, ನೀರುಗಂಟಿ ಇತ್ಯಾದಿ. ಇವರಿಗೆ ತಿಂಗಳ ಸಂಬಳವಿರಲಿಲ್ಲ. ಕಣದಲ್ಲಿ ರಾಶಿ ಬಿದ್ದಾಗ ಬರುವ ಆಯ ಒಂದು. ಕೆಲವರಿಗೆ ಅದರ ಮೇಲೆ ಕಂದಾಯವಿಲ್ಲದ, ಇಲ್ಲವೆ ಕಡಿಮೆ ಕಂದಾಯದ, ತುಂಡು ಭೂಮಿ. ಕೆಲಸ ಮಾಡುವವರೆಗೆ ಭೂಮಿ. ಕೆಲಸವೂ ತಂದೆಯಿಂದ ಮಗನಿಗೆ. ಅದನ್ನು ಉಣ್ಣಬಹುದು, ಮಾರುವಂತಿಲ್ಲ.

ತೋಟಿಯ ಕೆಲಸ ಇಂಥದೇ ಎಂದು ಹೇಳುವುದು ಕಷ್ಟ. ಊರಿನಲ್ಲಿ ಸಾರಬೇಕು, ಕಂದಾಯದ ಹಣದ ಜೊತೆ ತಾಲ್ಲೂಕಿಗೆ ನಡೆಯಬೇಕು, ಪೈರು ಕಾಯಬೇಕು, ಬಂದ ಅಧಿಕಾರಿಯ ಕುದುರೆಗೆ ಹುಲ್ಲು ತರಬೇಕು. ಇದರಲ್ಲಿ ಬಿಟ್ಟಿ ಎಷ್ಟು, ಸೇವೆ ಎಷ್ಟು ಎಂಬುದನ್ನು ಬಿಡಿಸಿ ನೋಡಿದವರಿಲ್ಲ. ಆದರೂ ಈ ಮನುಷ್ಯನಿಗೆ ಒಂದು ಅಧಿಕಾರವಿತ್ತು. ಕೆಲವೆಡೆ ಕುಳವಾಡಿ ಎಂದು ಕರೆಯಿಸಿಕೊಳ್ಳುತ್ತಿದ್ದ ಈತ ಊರ ಎಲ್ಲೆಯನ್ನು ಬಲ್ಲವನು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿದ್ದ ಕ್ಯಾಪ್ಟನ್ ಮೆಕೆಂಜಿ ಎಂಬ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ಎರಡು ಊರುಗಳ ನಡುವೆ ಎಲ್ಲೆಯ ಜಗಳ ಬಂದರೆ, ಕುಳವಾಡಿ ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಎಲ್ಲೆಯುದ್ದಕ್ಕೂ ನಡೆಯುತ್ತಿದ್ದನಂತೆ. ದಾರಿ ತಪ್ಪಿದರೆ ಉಂಡೆ ತಾನೇ ಒಡೆಯುವುದೆಂದೂ ಅವನ ಮನೆ ಹಾಳಾಗುವುದೆಂದೂ ಜನರ ನಂಬಿಕೆ. ಊರಿನವರು ಮುಟ್ಟಿಸಿಕೊಳ್ಳದ ಮನುಷ್ಯ ನಡೆದದ್ದೇ ಊರಿನವರ ಎಲ್ಲೆ!

ಸಂವಿಧಾನ ಬಂದ ಮೇಲೆ ಈ ವಂಶಪಾರಂಪರ್ಯಕ್ಕೆ ನೆಲೆಯಿಲ್ಲದಾಯಿತು. ಆಂಧ್ರದ ಗುಂಟೂರು ಜಿಲ್ಲೆಯ ಒಂದು ಗ್ರಾಮದ ಮುನ್ಸೀಫನ ಹುದ್ದೆಯ ವ್ಯಾಜ್ಯದಲ್ಲಿ, ವಂಶದ ಆಧಾರದ ಮೇಲೆ ಹುದ್ದೆ ಕೊಡುವುದು ಸಲ್ಲದೆಂದು 1960ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮೈಸೂರು ಸರ್ಕಾರದ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1961ರದು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಅದನ್ನು ಪ್ರಶ್ನಿಸಿದವರ ವಾದವನ್ನು 1966ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಶಾನುಭೋಗರ ಜಾಗದಲ್ಲಿ ಸಂಬಳದ ಗ್ರಾಮಲೆಕ್ಕಿಗರು ಬಂದರು.

ಹುದ್ದೆ ಹೋದ ಮೇಲೆ ಭೂಮಿಯ ಗತಿಯೇನು? ಕಾಯಿದೆ ಮಾಡಿದವರು ಇದನ್ನು ಮರೆಯಲಿಲ್ಲ ಎನ್ನಬೇಕು. ಇನಾಮು ಸರ್ಕಾರಕ್ಕೆ ಸೇರುವುದು. ಆದರೆ ಅನುಭವಿಸುತ್ತಿದ್ದವನು ಗೊತ್ತಾದ ಹಣ ಕಟ್ಟಿದರೆ ಅದೇ ಭೂಮಿ ಅವನ ಹೆಸರಿಗೇ ಮರುಮಂಜೂರಾಗುವುದು. ಹಳೆಯ ಅನ್ನ ಹೋಗಿ ಹೊಸ ಅನ್ನ ಬರುವವರೆಗೆ ಕೈಗೊಂದು ಊರುಗೋಲು. ನನಗೆ ಈ ಏರ್ಪಾಡು ನ್ಯಾಯವಾಗಿಯೇ ಕಾಣುತ್ತದೆ. ಕಷ್ಟವೇನೆಂದರೆ, ಒಂದೇ ಊರುಗೋಲನ್ನು ಶಾನುಭೋಗನಿಗೂ ಕೊಟ್ಟರು, ತೋಟಿಗೂ ಕೊಟ್ಟರು. ಶಾನುಭೋಗನಿಗೆ ಅಕ್ಷರವಿತ್ತು, ಮಗನನ್ನು ಬೆಂಗಳೂರಿನ ಶಾಲೆಗೆ ಕಳಿಸುವ ದಾರಿಯಿತ್ತು. ಅರ್ಜಿ ಬರೆಯುವುದಂತೂ ಅವನ ಕಸುಬೇ. ತೋಟಿ ಅರ್ಜಿ ಬರೆಸಲು ಇನ್ನೊಬ್ಬರ ಜಗಲಿಯ ಕೆಳಗೆ ನಿಲ್ಲಬೇಕು. ಕಟ್ಟುವ ಹಣಕ್ಕೆ ಸಾಲ ಮಾಡಬೇಕು. ಸಾಲ ಕೊಟ್ಟವನ ಕಣ್ಣು ಆ ಭೂಮಿಯ ಮೇಲೆಯೇ. ಸಾಲಗಾರ ಸತ್ತ, ಮಕ್ಕಳು ಮೂವರು, ಹೊಲ ಎರಡೆಕರೆ. ಇಂಥ ಮನೆಯಲ್ಲಿ ಭೂಮಿ ಎಷ್ಟು ದಿನ ನಿಂತೀತು?

ದೇವನಹಳ್ಳಿ ತಾಲ್ಲೂಕಿನ ಒಬ್ಬ ಮುದುಕರು ನನ್ನೊಡನೆ ಆಡಿದ ಮಾತು ನೆನಪಿದೆ. "ಚಾಕರಿ ಹೋಯ್ತು ಅಂತ ನಮ್ಮಪ್ಪ ಕುಣಿದಾಡಿಬಿಟ್ಟ ಸ್ವಾಮಿ. ಹೊಲ ನಮ್ಮದಾಗೋಕೆ ಕಾಗದ ಬೇಕು ಅಂತ ಅವನಿಗೆ ಯಾರೂ ಹೇಳಲಿಲ್ಲ." ಕಾಗದ ಬರುವ ಹೊತ್ತಿಗೆ ಅವರ ಹೊಲದಲ್ಲಿ ಬೇರೊಬ್ಬರು ರಾಗಿ ಕೊಯ್ಯುತ್ತಿದ್ದರಂತೆ.

ಮೊದಲು ಇಂಥ ಭೂಮಿಯನ್ನು ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕಿತ್ತು. ಅದು ಸಾಲದೆಂದು ತೋರಿ 1978ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಅವಿಭಕ್ತ ಕುಟುಂಬದ ಪಾಲು ವಿಭಾಗದ ಹೊರತು ಹದಿನೈದು ವರ್ಷ ಯಾರೂ ಪರಭಾರೆ ಮಾಡುವಂತಿಲ್ಲ. ಒಳ್ಳೆಯದೇ. ಆದರೆ ಹದಿನೈದು ವರ್ಷ ಎಂದಿನಿಂದ? ಭೂಮಿ ಕೈಗೆ ಬಂದ ದಿನದಿಂದಲ್ಲ. ತಿದ್ದುಪಡಿ ಜಾರಿಗೆ ಬಂದ 1978ರ ಆಗಸ್ಟ್ 7ರಿಂದ. ಎಲ್ಲರಿಗೂ ಒಂದೇ ಗಡಿಯಾರ. 1979ರಲ್ಲಿ ಮರುಮಂಜೂರಾತಿ ಪಡೆದವನಿಗೆ ಹದಿನಾಲ್ಕು ವರ್ಷದ ಕಾವಲು ಸಿಕ್ಕಿತು. ಕಚೇರಿಯಿಂದ ಕಚೇರಿಗೆ ಅಲೆದು 1990ರಲ್ಲಿ ಪಡೆದವನಿಗೆ ಮೂರು ವರ್ಷ. 1995ರಲ್ಲಿ ಪಡೆದವನಿಗೆ ಏನೂ ಇಲ್ಲ. ತಡವಾದದ್ದು ಯಾರಿಂದ ಎಂದು ಗಡಿಯಾರ ಕೇಳುವುದಿಲ್ಲ.

ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಕಾಯುವ ಇನ್ನೊಂದು ಕಾಯಿದೆ ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ. ಜನ ಪಿ.ಟಿ.ಸಿ.ಎಲ್. ಎಂದು ಕರೆಯುವ ಆ ಕಾಯಿದೆಯೂ 1978ರದೇ, ಜಾರಿಯಾದದ್ದು 1979ರ ಜನವರಿ 1ರಂದು. ಮಾರಾಟವಾದ ಭೂಮಿಯನ್ನು ಹಿಂದಕ್ಕೆ ಪಡೆದು ಮೂಲ ಕುಟುಂಬಕ್ಕೆ ಕೊಡಿಸುವ ಬಲ ಅದಕ್ಕುಂಟು. ಆದರೆ 'ಮಂಜೂರಾದ ಭೂಮಿ' ಎಂದರೇನು ಎಂದು ವಿವರಿಸುವ ಕಲಮಿನಲ್ಲಿ, ಇನಾಂ ರದ್ದಿಯಾತಿಯಿಂದ ಬಂದ ಭೂಮಿಯನ್ನು ಸೇರಿಸಿಕೊಂಡು, ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ್ದನ್ನು ಹೊರಗಿಟ್ಟಿದ್ದಾರೆ. ಗೌಡ, ಶಾನುಭೋಗರ ಭೂಮಿ ಅಲ್ಲಿಗೆ ಬರಕೂಡದೆಂಬ ಯೋಚನೆ ಎಂದಾದರೆ, ಆ ಕಾಯಿದೆ ಪರಿಶಿಷ್ಟರಿಗೆ ಮಾತ್ರವೇ ಆದುದರಿಂದ ಅವರು ಹೇಗೂ ಬರುತ್ತಿರಲಿಲ್ಲ. ಹೊರಗುಳಿದವನು ತೋಟಿ.

1993ರ ಆಗಸ್ಟಿನಲ್ಲಿ ಹದಿನೈದು ವರ್ಷ ಮುಗಿದಾಗ ಈ ಸೀಮೆಯಲ್ಲಿ ಭೂಮಿಗೆ ಇನ್ನೂ ರಾಗಿಯ ಬೆಲೆ, ದ್ರಾಕ್ಷಿಯ ಬೆಲೆ. ಆಮೇಲೆ ಲೋಕವೇ ಬದಲಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಬೆಲೆಯನ್ನು ಎಕರೆಯ ಬದಲು ಚದರಡಿಯಲ್ಲಿ ಹೇಳತೊಡಗಿದರು. ಕಾವಲು ಬೇಕಾದ ಹೊತ್ತಿಗೆ ಕಾವಲಿರಲಿಲ್ಲ. ನೀರುಗಂಟಿಯದು ಇದಕ್ಕಿಂತ ವಿಚಿತ್ರ: ಅವನಿಗೆ ಭೂಮಿ ಉಳಿದರೂ ತೂಬು ತೆಗೆಯುವ ಕೆಲಸ ಉಳಿಯಲಿಲ್ಲ, ಎಷ್ಟೋ ಕಡೆ ಕೆರೆಯೇ ಉಳಿಯಲಿಲ್ಲ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈ 15ರಂದು ಕೈಬಿಡುವಂತೆ ಮಾಡಿದರು. ಕೂತು ಹೋರಾಡಲು ಅವರ ಕೈಯಲ್ಲಿ ಹೊಲವಿತ್ತು. ಪಿ.ಟಿ.ಸಿ.ಎಲ್. ಕಾಯಿದೆಗೂ 2023ರಲ್ಲಿ ತಿದ್ದುಪಡಿಯಾಗಿ, ಭೂಮಿ ಮರಳಿ ಕೇಳುವ ಅರ್ಜಿಗೆ ಕಾಲಮಿತಿ ಇಲ್ಲವೆಂದಾಯಿತು. ವಂಶಪಾರಂಪರ್ಯ ಹುದ್ದೆಯನ್ನು ಹೊರಗಿಟ್ಟ ಮಾತು ಮಾತ್ರ ಅದರಲ್ಲಿ ಇದ್ದ ಹಾಗೆಯೇ ಇದೆ.