ತಂಬೂರಿಯ ಜೀವ

1965ರಲ್ಲಿ ಭದ್ರಾವತಿಯ ಆಕಾಶವಾಣಿ ನಿಲಯ ಪ್ರಸಾರ ತೊಡಗಿದಾಗ ಹಾರ್ಮೋನಿಯಂ ಬಾನುಲಿಗೆ ಬಹಿಷ್ಕೃತ ವಾದ್ಯವಾಗಿತ್ತು. ಭಜನಮಂದಿರಗಳಲ್ಲಿಯೂ ನಾಟಕ ಕಂಪನಿಗಳಲ್ಲಿಯೂ ಮೆರೆಯುತ್ತಿದ್ದ ಆ ಪೆಟ್ಟಿಗೆ ಆಕಾಶವಾಣಿಯ ಬಾಗಿಲ ಹೊರಗೇ ನಿಲ್ಲಬೇಕಾಗಿತ್ತು. 1940ರಲ್ಲಿ ಲಯೊನೆಲ್ ಫೀಲ್ಡನ್ನರ ಆಡಳಿತದಲ್ಲಿ ಜಾರಿಗೆ ಬಂದ ಈ ನಿಷೇಧ ಸಡಿಲವಾದದ್ದು 1971ರಲ್ಲಿ. ಸ್ವತಃ ರವೀಂದ್ರನಾಥ ಠಾಕೂರರೂ ಅದನ್ನು ಸಮರ್ಥಿಸಿದ್ದರು.

ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೆನ್ನಲಾಗದು. ಪ್ಯಾರಿಸ್ಸಿನಲ್ಲಿ 1842ರ ಸುಮಾರಿಗೆ ರೂಪುಗೊಂಡ ಆ ವಾದ್ಯದ ಮನೆಗಳು ಸ್ಥಿರವಾದವು. ಎರಡು ಸ್ವರಗಳ ನಡುವೆ ಜಾರುವ, ತೂಗುವ ಗಮಕಕ್ಕೆ ಅಲ್ಲಿ ಎಡೆಯಿಲ್ಲ. ಒತ್ತಿದರೆ ಸ್ವರ ಬರುತ್ತದೆ. ಅದನ್ನು ಹುಡುಕುವ ಶ್ರಮ ಕಿವಿಗೆ ಉಳಿಯುವುದಿಲ್ಲ.

ಅದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಮರಳಿ ಬಂದಿತು. ಬೆಂಗಳೂರಿನ ಇಂಜಿನಿಯರರೂ ವೇಣುವಾದಕರೂ ಆದ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ಇಂದು ಅದೇ ನಾದ ಮೊಬೈಲ್ ಫೋನಿನಲ್ಲಿಯೂ ದೊರೆಯುತ್ತದೆ.

ಮರದ ತಂಬೂರಿಗೆ ನಾಲ್ಕು ತಂತಿಗಳು. ಕುದುರೆಯ ಮೇಲೆ ಪ್ರತಿಯೊಂದು ತಂತಿಯ ಅಡಿಯಲ್ಲೂ ಒಂದು ನೂಲಿನೆಳೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಮಂಕಾಗಿದ್ದ ನಾದ ಥಟ್ಟನೆ ಅರಳುತ್ತದೆ. ಆ ಎಳೆಗೆ ಹಿರಿಯರು ಇಟ್ಟ ಹೆಸರೇ ಜೀವ. ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಶ್ರುತಿ ಜಾರುವುದು ದಿನದಿನದ ಮಾತು. ನನ್ನ ಬಾಲ್ಯದ ಪಾಠದ ಮೊದಲ ಅರ್ಧ ಗಂಟೆ ಬಿರಡೆ ತಿರುಗಿಸುವುದರಲ್ಲಿಯೇ ಕಳೆಯುತ್ತಿತ್ತು. ಅದೂ ಪಾಠವೇ ಎಂದು ಅಂದು ನನಗೆ ತಿಳಿಯಲಿಲ್ಲ.

ಮುಂದೆ ನಾನೂ ಪೆಟ್ಟಿಗೆಯನ್ನು ಕೊಂಡೆ. ಶಿವಮೊಗ್ಗೆಯಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಕಿಕ್ಕಿರಿದ ಬಸ್ಸಿನಲ್ಲಿ ತಂಬೂರಿಯ ಬುರುಡೆಯನ್ನು ಮಗುವಿನಂತೆ ಅವುಚಿಕೊಂಡು ಹೋದವರಿಗೆ ಆ ಪೆಟ್ಟಿಗೆಯ ಬೆಲೆ ಗೊತ್ತು. ಆದರೆ ಹಲವು ವರ್ಷಗಳ ಅನಂತರ ಮೂಲೆಯಲ್ಲಿದ್ದ ತಂಬೂರಿಯನ್ನು ಎತ್ತಿಕೊಂಡಾಗ ಜೀವವನ್ನು ಎಲ್ಲಿ ನಿಲ್ಲಿಸಬೇಕೆಂಬುದು ನನ್ನ ಕೈಗೆ ಮರೆತುಹೋಗಿತ್ತು, ಕಿವಿಯೂ ಅನುಮಾನಿಸಿತು. ನಾಚಿಕೆಯಾಯಿತು.

ಹಾಗೆಂದು ತಪ್ಪನ್ನು ಯಂತ್ರದ ಮೇಲೆ ಹೊರಿಸಲೆ? ತುಂಗೆಯ ದಡದ ಹೊಸಹಳ್ಳಿ ಗಮಕಕಲೆಗೆ ಹೆಸರಾದ ಊರು, ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಕಾವ್ಯ ವಾಚಿಸುವ ಗಮಕಿಗೆ ಆಸರೆ ಶ್ರುತಿಯೊಂದೇ. ಆ ಶ್ರುತಿ ಪೆಟ್ಟಿಗೆಯಿಂದ ಬಂದ ಮಾತ್ರಕ್ಕೆ ಪದ್ಯದ ಭಾವ ಕುಂದದು, ಕಂಠ ಅದರಲ್ಲಿ ಬೆರೆಯಬಲ್ಲುದಾದರೆ. ತಂಬೂರಿ ಕೊಳ್ಳಲಾರದ ಎಷ್ಟೋ ಮನೆಗಳಿಗೆ ಶ್ರುತಿಯನ್ನು ಮುಟ್ಟಿಸಿದ್ದೂ ಈ ಯಂತ್ರವೇ.

ಹಾರ್ಮೋನಿಯಮ್ಮನ್ನು ಹೊರಗಿಟ್ಟವರು ಕಿವಿಯ ಸೋಮಾರಿತನಕ್ಕೆ ವಾದ್ಯವನ್ನು ದಂಡಿಸಿದರು. ಯಂತ್ರ ಶ್ರುತಿಯನ್ನು ಕೊಡಬಲ್ಲುದು. ಕೇಳುವ ಕೆಲಸ ನಮ್ಮದು. ಕಲಿಯುವ ಮಗು ವಾರಕ್ಕೊಮ್ಮೆಯಾದರೂ ನಿಜವಾದ ತಂಬೂರಿಯ ಬಿರಡೆಯನ್ನು ತಿರುಗಿಸಲಿ. ಆಮೇಲೆ ಪೆಟ್ಟಿಗೆಯ ಮುಂದೆ ಕುಳಿತು ನಿಶ್ಚಿಂತೆಯಿಂದ ಹಾಡಲಿ.

(ಬಾನುಲಿ ಭಾಷಣ)