ಕಾಲ ತಿರುಗಿದರೂ ಲೋಕ ಅಳಿಯದು: ಜೈನ ವಿಶ್ವಕಲ್ಪನೆಯ ಒಂದು ಲೆಕ್ಕ

ವಿಶ್ವ ಹುಟ್ಟಿ, ಅಳಿದು, ಮತ್ತೆ ಹುಟ್ಟುತ್ತದೆ ಎಂಬ ಆಧುನಿಕ 'ಆವರ್ತ ವಿಶ್ವ' ಸಿದ್ಧಾಂತದ ಮಾತು ಬಂದೊಡನೆ 'ನಮ್ಮ ಹಿರಿಯರು ಇದನ್ನು ಯಾವತ್ತೋ ಹೇಳಿದ್ದಾರೆ' ಎನ್ನುವವರಿದ್ದಾರೆ. ಯಾವ ಹಿರಿಯರು, ಏನು ಹೇಳಿದರು ಎಂದು ಕೆದಕಿದರೆ ಉತ್ತರ ಅಷ್ಟು ಸಲೀಸಲ್ಲ. ಪುರಾಣ ಮತ್ತು ಸೂರ್ಯಸಿದ್ಧಾಂತದ ಪ್ರಕಾರ 43,20,000 ವರ್ಷಕ್ಕೆ ಒಂದು ಮಹಾಯುಗ. ಅಂಥ ಸಾವಿರ ಸೇರಿದರೆ ಕಲ್ಪ, ಅಂದರೆ 432 ಕೋಟಿ ವರ್ಷ. ಕಲ್ಪಾಂತ್ಯದಲ್ಲಿ ಪ್ರಳಯ. ಪುರೋಹಿತರು ಸಂಕಲ್ಪ ಮಾಡಿಸುವಾಗ ಶ್ವೇತವರಾಹ ಕಲ್ಪವೆಂದು ಹೇಳಿಸುವುದು ಈ ಲೆಕ್ಕದ್ದೇ.

ಆದರೆ ಹುಳಿಯಾರು, ತಿಪಟೂರು ಕಡೆಯಿಂದ ಶ್ರವಣಬೆಳಗೊಳದವರೆಗಿನ ಸೀಮೆಯಲ್ಲಿ ಇದನ್ನು ಒಪ್ಪದ ಜೈನ ಪರಂಪರೆಯೂ ಬೇರೂರಿತ್ತು. ಹೆಗ್ಗೆರೆಯಲ್ಲಿ ಉಳಿದಿರುವ ಹೊಯ್ಸಳ ಕಾಲದ ಪಾರ್ಶ್ವನಾಥ ಬಸದಿ ಅದರ ಗುರುತು. ಜೈನರಿಗೆ ಲೋಕವನ್ನು ಯಾರೂ ಸೃಷ್ಟಿಸಿಲ್ಲ, ಅದು ಅಳಿಯುವುದೂ ಇಲ್ಲ. ತಿರುಗುವುದು ಕಾಲ ಮಾತ್ರ. ಇಳಿಗಾಲವಾದ ಅವಸರ್ಪಿಣಿಗೆ ಆರು ಘಟ್ಟ, ಏರುಗಾಲವಾದ ಉತ್ಸರ್ಪಿಣಿಗೆ ಆರು. ಈಗ ನಡೆಯುತ್ತಿರುವುದು ಇಳಿಗಾಲದ ಐದನೆಯದು, ಅದರ ಅವಧಿ 21,000 ವರ್ಷ. ಪಂಪನ ಆದಿಪುರಾಣದ (941) ಕಥೆಯ ಹಿನ್ನೆಲೆಯಲ್ಲಿರುವುದೂ ಇದೇ ಕಾಲಚಕ್ರ: ಮೊದಲ ಘಟ್ಟಗಳಲ್ಲಿ ಕಲ್ಪವೃಕ್ಷಗಳೇ ಊಟ, ಬಟ್ಟೆ, ಬೆಳಕು ಕೊಡುತ್ತವೆ; ಅವು ಕ್ಷೀಣಿಸಿದಾಗ ಮೊದಲ ತೀರ್ಥಂಕರ ವೃಷಭನಾಥ ಜನರಿಗೆ ಕೃಷಿ ಮೊದಲಾದ ಕಸುಬು ಕಲಿಸಬೇಕಾಗುತ್ತದೆ. ಈ ಏರಿಳಿತವೂ ಲೋಕದ ಭರತ, ಐರಾವತ ಕ್ಷೇತ್ರಗಳಿಗೆ ಸೀಮಿತ; ವಿದೇಹ ಕ್ಷೇತ್ರಕ್ಕೆ ಅದರ ಸೋಂಕಿಲ್ಲ. ಆದ್ದರಿಂದ ಇದನ್ನು ಆವರ್ತ ವಿಶ್ವ ಎನ್ನುವುದು ತಪ್ಪು.

ಈ ಪರಂಪರೆಯ ನಿಜವಾದ ಸತ್ವ ಇರುವುದು ಲೋಕದ ಆಕಾರದ ಚರ್ಚೆಯಲ್ಲಿ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಪ್ರಾಕೃತದಲ್ಲಿ ತ್ರಿಲೋಕಸಾರ ಬರೆದದ್ದು ಈ ವಿಷಯವಾಗಿಯೇ. ದಿಗಂಬರ ಮತದಂತೆ ಲೋಕದ ಎತ್ತರ 14 ರಜ್ಜು (ರಜ್ಜು ಜೈನರ ಉದ್ದಳತೆ). ಪೂರ್ವ–ಪಶ್ಚಿಮದ ಅಗಲ ಬುಡದಲ್ಲಿ 7, ನಡುವಿನಲ್ಲಿ 1, ಅಲ್ಲಿಂದ ಮೂರೂವರೆ ರಜ್ಜು ಮೇಲೆ 5, ತುದಿಯಲ್ಲಿ ಮತ್ತೆ 1. ದಕ್ಷಿಣೋತ್ತರ ಮಾತ್ರ ಎಲ್ಲೆಡೆ 7. ಕೆಳಗಿನ ಅರ್ಧದ ಸರಾಸರಿ ಅಗಲ 4. ಅದನ್ನು ಎತ್ತರ 7, ದಪ್ಪ 7ರಿಂದ ಗುಣಿಸಿದರೆ 196. ಮೇಲಿನ ಅರ್ಧದ ಸರಾಸರಿ 3, ಅದರಿಂದ 147. ಕೂಡಿದರೆ 343, ಅಂದರೆ ಏಳರ ಘನ.

ಆ ದಕ್ಷಿಣೋತ್ತರದ ಏಳು ಎಲ್ಲಿಂದ ಬಂತು? ರಾಷ್ಟ್ರಕೂಟರ ಕಾಲದಲ್ಲಿ, 816ರಲ್ಲಿ, ಧವಲಾ ಎಂಬ ಆಗಮಟೀಕೆ ಮುಗಿಸಿದ ವೀರಸೇನಾಚಾರ್ಯರಿಗೆ ಎದುರಾದ ತಕರಾರು ಇದೇ. ಲೋಕದ ಅಡ್ಡಕೊಯ್ತ ಮೃದಂಗದಂತೆ ದುಂಡಗಿದೆ ಎಂಬ ಪಕ್ಷವಿತ್ತು. ವೀರಸೇನರು ಅದನ್ನು ಬೈದು ತಳ್ಳಲಿಲ್ಲ, ಅಳೆದು ತಳ್ಳಿದರು. ಮೊಂಡು ಶಂಕುವನ್ನು ತುಂಡುತುಂಡಾಗಿ ಸೀಳಿ ಘನಫಲ ತೆಗೆದು, ಅದು 343ಕ್ಕೆ ಸಾಲದೆಂದು ತೋರಿಸಿದರು. ಇಂದಿನ ಸೂತ್ರ ಹಾಕಿದರೂ ದುಂಡು ಲೋಕಕ್ಕೆ ಸುಮಾರು 161 ಬರುತ್ತದೆ, ಅರ್ಧವೂ ಇಲ್ಲ. 343 ಎಂಬ ಸಂಖ್ಯೆಯನ್ನು ಅವರು ಆಗಮದಿಂದಲೇ ಪಡೆದರು, ಪ್ರಶ್ನಿಸಲಿಲ್ಲ. ಆಕಾರದ ತೀರ್ಪನ್ನು ಮಾತ್ರ ಗಣಿತಕ್ಕೆ ಬಿಟ್ಟರು. ಈ ಗ್ರಂಥ ನಮ್ಮ ಕೈ ಸೇರಿದ್ದು ಮೂಡಬಿದಿರೆಯ ಬಸದಿ ಕಾಪಾಡಿದ ಹಳಗನ್ನಡ ಲಿಪಿಯ ತಾಳೆಗರಿಗಳಿಂದ. ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು.

ಜೈನರದೆಲ್ಲ ಗೆದ್ದಿತೆಂದಲ್ಲ. ಚಪ್ಪಟೆ ಜಂಬೂದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರ ಎಂಬ ಅವರ ವಾದವನ್ನು ಭಾಸ್ಕರಾಚಾರ್ಯರು ಸಿದ್ಧಾಂತಶಿರೋಮಣಿಯಲ್ಲಿ (1150) ಗೇಲಿ ಮಾಡಿಯೇ ಬಿಟ್ಟರು.

ಆಧುನಿಕ ಆವರ್ತ ವಿಶ್ವದ ಕಥೆ ಬೇರೆಯೇ. ಹಿಗ್ಗಿ ಕುಗ್ಗುವ ವಿಶ್ವದ ಸಾಧ್ಯತೆ 1922ರಲ್ಲಿ ಫ್ರೀಡ್‌ಮನ್‌ನ ಸಮೀಕರಣದಲ್ಲಿ ಕಂಡಿತು. ಸುತ್ತಿನಿಂದ ಸುತ್ತಿಗೆ ಎಂಟ್ರೋಪಿ ಬೆಳೆಯುವುದರಿಂದ ಆವರ್ತಗಳು ಉದ್ದವಾಗುತ್ತ ಹೋಗುತ್ತವೆ ಎಂದು 1930ರ ದಶಕದಲ್ಲಿ ಟೋಲ್ಮನ್ ತೋರಿಸಿದ. ಹಿಂದಕ್ಕೆ ಎಣಿಸಿದರೆ ಮತ್ತೆ ಒಂದು ಆರಂಭವೇ ಎದುರಾಗುತ್ತದೆ. 2002ರಲ್ಲಿ ಸ್ಟೈನ್‌ಹಾರ್ಟ್ ಮತ್ತು ಟ್ಯುರಾಕ್ ಹೊಸ ಮಾದರಿ ಕೊಟ್ಟರು, ವಾದ ಇನ್ನೂ ನಡೆದಿದೆ. ಇವರಾರೂ ಕಲ್ಪವನ್ನಾಗಲಿ ಅವಸರ್ಪಿಣಿಯನ್ನಾಗಲಿ ಆಧರಿಸಿದವರಲ್ಲ.

ನಮ್ಮ ಸೀಮೆಯ ಹೈಸ್ಕೂಲು ಮೇಷ್ಟ್ರುಗಳಲ್ಲಿ ಒಂದು ವಿನಂತಿ: ತ್ರಾಪಿಜ್ಯದ ಪಾಠ ಬಂದಾಗ ಈ 343ರ ಲೆಕ್ಕವನ್ನು ಮಕ್ಕಳ ಕೈಯಲ್ಲಿ ಬೋರ್ಡಿನ ಮೇಲೆ ಮಾಡಿಸಿ. ಬೆಳಗೊಳದ ಪ್ರವಾಸ ಆಮೇಲೆ ಇಟ್ಟುಕೊಳ್ಳಿ.